ಆಕಳು ತಿರುಗಿ ಬರುವ ಮೊದಲೇ

ವಾಚನಾಲಯದ ಹಿರಿಯರು ಈ ಸಲದ ಪುಸ್ತಕಕ್ಕೆ ನೀವೂ ಒಂದು ಲೇಖನ ಕೊಡ್ರಿ ಅಂದಾಗ, "ನಾ ಏಳನೇ ಇಯತ್ತೆ ಓದಿದವ, ಪದಾ ಹಾಡಂದ್ರ ಹಾಡ್ತೀನಿ, ಬರೀ ಅಂದ್ರ ಕೈ ನಡುಗ್ತದ್ರಿ" ಅಂದೆ. ಅವರು ಬಿಡಲಿಲ್ಲ. ಹೋದ ಮಳೆಗಾಲದಲ್ಲಿ ಇದೇ ವಾಚನಾಲಯದಲ್ಲಿ ಎರಡು ಸಿನಿಮಾ ನೋಡಿ ನಾನು ಮಾಸ್ತರರ ಸಂಗಡ ವಾದ ಹಾಕಿದ್ದೆನಲ್ಲ, ಅದನ್ನೇ ಬರೆಯಿರಿ ಎಂದರು. ಅದಕ್ಕೇ ಬರೆಯಲು ಕುಂತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಆ ಮಾಸ್ತರರು ರವಿವಾರ ರಾತ್ರಿ ಗೋಡೆಗೆ ಬಿಳಿ ಧೋತರ ಕಟ್ಟಿ ಮಷಿನ್‌ನಿಂದ ಸಿನಿಮಾ ತೋರಿಸುತ್ತಾರೆ. ಒಂದು ರವಿವಾರ 1951ರ ಒಂದು ಇಂಗ್ಲಿಷ್ ಸಿನಿಮಾ ಹಾಕಿದರು. ಹೆಸರು 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್', ಅಂದರೆ ಭೂಮಿ ನಿಂತ ದಿನ. ಮುಂದಿನ ರವಿವಾರ ಅದೇ ಕಥೆಯನ್ನು ಅದೇ ಹೆಸರಿನಲ್ಲಿ 2008ರಲ್ಲಿ ಮತ್ತೆ ಮಾಡಿದ್ದನ್ನು ಹಾಕಿದರು. ಇಂಗ್ಲಿಷ್ ನನಗೆ ಬರುವುದಿಲ್ಲ. ಮಾಸ್ತರರು ನಡುನಡುವೆ ನಿಲ್ಲಿಸಿ ಅರ್ಥ ಹೇಳಿದರು. ಹುಡುಗರಿಗೆ ಎರಡನೆಯದು ಭಾಳ ಸೇರಿತು. ನನಗೆ ಸೇರಲಿಲ್ಲ. ಯಾಕೆ ಸೇರಲಿಲ್ಲ ಎಂಬುದು ಆ ರಾತ್ರಿ ಸರಿಯಾಗಿ ಹೇಳಲಿಕ್ಕೆ ಬರಲಿಲ್ಲ. ಮನೆಗೆ ಹೋಗಿ ಮಲಗಿದರೂ ನಿದ್ದೆ ಹತ್ತಲಿಲ್ಲ.

ಮೊದಲು ಹಳೆಯ ಸಿನಿಮಾದ ಕಥೆ ಹೇಳುತ್ತೇನೆ. ಅದು ಕಪ್ಪು-ಬಿಳುಪಿನದು, ರಾಬರ್ಟ್ ವೈಸ್ ಎಂಬವರು ಮಾಡಿದ್ದು. ಹಿರೋಶಿಮಾ, ನಾಗಾಸಾಕಿಯ ಮೇಲೆ ಅಣುಬಾಂಬು ಬಿದ್ದು ಆಗ ಆರೇ ವರ್ಷ ಆಗಿತ್ತು, ಕೊರಿಯಾದಲ್ಲಿ ಯುದ್ಧ ನಡೆದಿತ್ತು. ಅಂಥ ದಿನದಲ್ಲಿ ಅಮೇರಿಕಾದ ರಾಜಧಾನಿ ವಾಷಿಂಗ್ಟನ್ನಿನ ಒಂದು ಬಯಲಿಗೆ ಗಂಗಾಳ ಬೋರಲು ಹಾಕಿದಂಥ ವಿಮಾನ ಬಂದು ಇಳಿಯುತ್ತದೆ. ಒಳಗಿಂದ ಕ್ಲಾಟು ಎಂಬವನು ಬರುತ್ತಾನೆ. ಬೇರೆ ಗ್ರಹದವನಾದರೂ ನೋಡಲಿಕ್ಕೆ ನಮ್ಮ ಹಾಗೇ ಮನುಷ್ಯ. ಅವನು ಕೈಯೊಳಗಿನ ಏನೋ ಒಂದನ್ನು ಮುಂದೆ ಚಾಚುತ್ತಾನೆ. ಹೆದರಿದ ಸಿಪಾಯಿ ಒಬ್ಬ ಗುಂಡು ಹಾರಿಸಿಬಿಡುತ್ತಾನೆ. ಆ ವಸ್ತು ಒಡೆದುಹೋಗುತ್ತದೆ. ಆಮೇಲೆ ತಿಳಿಯುತ್ತದೆ, ಅದು ಅಲ್ಲಿನ ರಾಷ್ಟ್ರಾಧ್ಯಕ್ಷರಿಗೆ ತಂದ ಕಾಣಿಕೆ, ಬೇರೆ ಗ್ರಹಗಳ ಜೀವನ ನೋಡಿ ತಿಳಿಯುವ ಸಾಧನ. ಕಾಣಿಕೆ ತಂದವನಿಗೆ ಗುಂಡೇಟು. ಅವನ ಹಿಂದೆ ಗಾರ್ಟ್ ಎಂಬ ಕಬ್ಬಿಣದ ಮನುಷ್ಯ ಇಳಿಯುತ್ತಾನೆ. ಅವನು ಬಂದೂಕು, ರಣಗಾಡಿ ಎಲ್ಲ ಕರಗಿಸುತ್ತಾನೆ, ಸಿಪಾಯಿಗಳನ್ನು ಮುಟ್ಟುವುದಿಲ್ಲ.

ಕ್ಲಾಟು ಎಲ್ಲ ದೇಶದ ಹಿರಿಯರನ್ನು ಒಂದು ಕಡೆ ಕೂಡಿಸಿರಿ, ಮಾತಾಡುವುದಿದೆ ಎನ್ನುತ್ತಾನೆ. ಎಲ್ಲಿ ಕೂಡಬೇಕು ಎಂಬುದರ ಮೇಲೇ ಅವರಿಗೆ ಜಗಳ. ಇದನ್ನು ನೋಡಿ ವಾಚನಾಲಯದಲ್ಲಿ ಎಲ್ಲರೂ ನಕ್ಕರು. ನಮ್ಮ ಜಾತ್ರೆ ಮೀಟಿಂಗಿನ ನೆನಪಾಗಿರಬೇಕು. ಆಗ ಕ್ಲಾಟು ದವಾಖಾನೆಯಿಂದ ತಪ್ಪಿಸಿಕೊಂಡು, ಸಾಮಾನ್ಯ ಜನ ಬಾಡಿಗೆಗೆ ಇರುವ ಒಂದು ಮನೆಯಲ್ಲಿ ಖೋಲಿ ಹಿಡಿಯುತ್ತಾನೆ. ಅಲ್ಲಿ ಒಬ್ಬ ಸಣ್ಣ ಹುಡುಗ ಇದ್ದಾನೆ, ಬಾಬಿ. ತಂದೆ ಯುದ್ಧದಲ್ಲಿ ಸತ್ತಿದ್ದಾನೆ. ಹುಡುಗ ಇವನನ್ನು ತಂದೆಯ ಸಮಾಧಿಗೆ ಕರೆದೊಯ್ಯುತ್ತಾನೆ. ಸಾಲುಸಾಲು ಸಮಾಧಿ ನೋಡಿ, ಇವರೆಲ್ಲ ಯುದ್ಧದಲ್ಲಿ ಸತ್ತವರೇ ಎಂದು ಕ್ಲಾಟು ಬೆರಗಾಗುತ್ತಾನೆ. ಅವನ ಲೋಕದಲ್ಲಿ ಯುದ್ಧವೇ ಇಲ್ಲ.

ಮುಂದೆ ಅವನು ತನ್ನ ಶಕ್ತಿ ತೋರಿಸಬೇಕಾಗುತ್ತದೆ. ಏನು ಮಾಡುತ್ತಾನೆ? ಜಗತ್ತಿನ ಕರೆಂಟು ಎಲ್ಲ ಅರ್ಧ ತಾಸು ನಿಲ್ಲಿಸುತ್ತಾನೆ. ಗಾಡಿ, ರೈಲು, ಗಿರಣಿ ಎಲ್ಲ ನಿಂತಲ್ಲೇ ನಿಲ್ಲುತ್ತವೆ. ಆದರೆ ದವಾಖಾನೆಗಳಿಗೆ ಮತ್ತು ಆಕಾಶದಲ್ಲಿ ಹಾರುತ್ತಿರುವ ವಿಮಾನಗಳಿಗೆ ಏನೂ ಆಗುವುದಿಲ್ಲ. ಇದನ್ನು ಮಾಸ್ತರರು ಹೇಳಿದಾಗ ನಾನು ಎದ್ದು ಕುಂತೆ. ಭಾಳ ದೊಡ್ಡ ಶಕ್ತಿ ಕೈಯಲ್ಲಿದ್ದವನು ಮೊದಲು ರೋಗಿಗಳ ಲೆಕ್ಕ ಹಾಕಿದ್ದಾನೆ ನೋಡಿ.

ಕೊನೆಗೆ ಅವನನ್ನು ಅಟ್ಟಿಸಿಕೊಂಡು ಹೋಗಿ ಮತ್ತೆ ಗುಂಡು ಹಾಕಿ ಕೊಲ್ಲುತ್ತಾರೆ. ಗಾರ್ಟ್ ಅವನ ಹೆಣ ಹೊತ್ತು ತಂದು ಸ್ವಲ್ಪ ಕಾಲದ ಮಟ್ಟಿಗೆ ಜೀವ ಕೊಡುತ್ತಾನೆ. ಆಗ ಕ್ಲಾಟು, ಕೂಡಿದ್ದ ನಾನಾ ದೇಶದ ವಿಜ್ಞಾನಿಗಳ ಮುಂದೆ ನಿಂತು ಮಾತಾಡುತ್ತಾನೆ. ನಿಮ್ಮ ಜಗಳ ನಿಮ್ಮಲ್ಲೇ ಇರಲಿ, ಅದನ್ನು ಹೊರಗೆ ತಂದರೆ ನಿಮ್ಮ ಭೂಮಿ ಸುಟ್ಟು ಬೂದಿಯಾದೀತು, ಹೇಗೆ ಬದುಕಬೇಕೆಂದು ನೀವೇ ನಿರ್ಣಯ ಮಾಡಿರಿ ಎಂಬ ಅರ್ಥದ ಮಾತು. ಇಷ್ಟು ಹೇಳಿ ಹೊರಟುಹೋಗುತ್ತಾನೆ. ಜನ ಬದಲಾದರೋ ಇಲ್ಲವೋ, ಸಿನಿಮಾ ಹೇಳುವುದಿಲ್ಲ. ದೀಪ ಹಚ್ಚಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಇನ್ನು ಹೊಸದು. ಇದನ್ನು ಮಾಡಿದವರು ಸ್ಕಾಟ್ ಡೆರಿಕ್ಸನ್, ಕ್ಲಾಟುವಾಗಿ ಕೀನು ರೀವ್ಸ್. ಬಣ್ಣ ಇದೆ, ಕಣ್ಣು ಕುಕ್ಕುವ ದೃಶ್ಯ ಇವೆ. ಈ ಸಲ ವಿಷಯ ಬಾಂಬು ಅಲ್ಲ, ಭೂಮಿ. ಮನುಷ್ಯರು ಭೂಮಿಯನ್ನು ಹಾಳು ಮಾಡುತ್ತಿದ್ದಾರೆ, ಭೂಮಿ ಉಳಿಯಬೇಕಾದರೆ ಮನುಷ್ಯ ಹೋಗಬೇಕು ಎಂದು ಮೊದಲೇ ತೀರ್ಪು ಬರೆದುಕೊಂಡು ಕ್ಲಾಟು ಬಂದಿದ್ದಾನೆ. ಗಾರ್ಟ್ ಈಗ ಗುಡ್ಡದಷ್ಟು ದೊಡ್ಡವ. ಅವನ ಮೈ ಒಡೆದು ಮಿಡತೆಯಂಥ ಕೋಟಿ ಕೋಟಿ ಹುಳ ಆಗಿ, ಲಾರಿ, ಕಟ್ಟಡ, ಮನುಷ್ಯ ಎಲ್ಲ ತಿಂದು ಹಾಕುತ್ತವೆ. ಒಬ್ಬ ಮುದುಕ ಪ್ರೊಫೆಸರ್ ಕ್ಲಾಟುವಿಗೆ, ಮನುಷ್ಯ ಅಂಚಿಗೆ ಬಂದಾಗಲೇ ಬದಲಾಗುತ್ತಾನೆ, ನಮ್ಮನ್ನು ಅಂಚಿನಲ್ಲಿ ನೂಕಬೇಡ ಎಂದು ಹೇಳಿಕೊಳ್ಳುತ್ತಾನೆ. ಕೊನೆಗೆ ಒಬ್ಬ ಹುಡುಗ ತಂದೆಯ ಸಮಾಧಿ ಮುಂದೆ ಅಳುತ್ತಾನೆ, ಮಲತಾಯಿ ಅವನನ್ನು ಅಪ್ಪಿಕೊಂಡು ಅಳುತ್ತಾಳೆ. ಅದನ್ನು ನೋಡಿ ಕ್ಲಾಟುವಿನ ಮನಸ್ಸು ಕರಗುತ್ತದೆ. ಹುಳಗಳನ್ನು ನಿಲ್ಲಿಸಿ ಹೊರಟುಹೋಗುತ್ತಾನೆ. ಹೋಗುವಾಗ ಜಗತ್ತಿನ ಯಂತ್ರಗಳೆಲ್ಲ ನಿಂತುಹೋಗುತ್ತವೆ. ಈ ಸಲ ಅರ್ಧ ತಾಸಿನ ಮಾತಿಲ್ಲ, ದವಾಖಾನೆಯ ಮಾತೂ ಇಲ್ಲ.

ಒಂದು ಒಳ್ಳೆಯ ದೃಶ್ಯ ಇದರಲ್ಲಿ ಇದೆ, ಅದನ್ನು ಮುಚ್ಚಿಡಬಾರದು. ಕ್ಲಾಟುವಿನ ಕಡೆಯವನೇ ಒಬ್ಬ, ಮನುಷ್ಯ ವೇಷದಲ್ಲಿ ಎಪ್ಪತ್ತು ವರ್ಷ ಇಲ್ಲಿ ಬದುಕಿ ಮುದುಕನಾಗಿದ್ದಾನೆ. ಇವರು ಬದಲಾಗುವ ಜನ ಅಲ್ಲ ಎಂದು ಅವನೇ ವರದಿ ಕೊಡುತ್ತಾನೆ. ಆದರೂ ನಾನು ಮಾತ್ರ ಇಲ್ಲೇ ಇದ್ದು ಇವರ ಜೊತೆಗೇ ಸಾಯುತ್ತೇನೆ, ಇವರ ಮೇಲೆ ನನಗೆ ಪ್ರೀತಿ ಕುಂತದ ಎನ್ನುತ್ತಾನೆ. ಸೊಸೆಗೆ ನೂರು ಬೈದರೂ ಮನೆ ಬಿಟ್ಟು ಹೋಗದ ಮುದುಕಿಯರು ನಮ್ಮಲ್ಲೂ ಇದ್ದಾರೆ. ಆ ದೃಶ್ಯ ಖರೆ ಅನ್ನಿಸಿತು.

ಸಿನಿಮಾ ಮುಗಿದ ಮೇಲೆ ನಾನು, "ಹಳೇದನ್ನ ಕೆಡಿಸ್ಯಾರ" ಅಂದೆ. ಮಾಸ್ತರರು ನಕ್ಕು, "ಕಾಕಾ, ನಿಮಗ ಹಳೇದೆಲ್ಲ ಚಲೋ, ಹೊಸಾದೆಲ್ಲ ಕೆಟ್ಟ ಅನಸ್ತದ" ಅಂದರು. ಆ ಮಾತು ಚುಚ್ಚಿತು. ಯಾಕೆಂದರೆ ಅದು ನನ್ನ ಮನಸ್ಸಿನ ಮಾತಲ್ಲ.

ನಾನು ನಲವತ್ತು ವರ್ಷದಿಂದ ಏಕತಾರಿ ಹಿಡಿದು ಪದ ಹಾಡುತ್ತಿದ್ದೇನೆ. ನನ್ನ ಗುರುಗಳು ಹಾಡಿದ ಹಾಗೆ ನಾನು ಹಾಡಿಲ್ಲ, ನನ್ನ ಹಾಗೆ ನನ್ನ ಹಿಂದಿನ ಹುಡುಗರು ಹಾಡುವುದಿಲ್ಲ. ನಾವು ಗಡಿಯವರು. ಒಂದೇ ಭಜನೆಯಲ್ಲಿ ಮೊದಲು ಕನ್ನಡದ ತತ್ವಪದ, ಆಮೇಲೆ ಮರಾಠಿ ಅಭಂಗ ಬರುತ್ತದೆ. ನಮ್ಮ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ದೇವಣಿ ದನಗಳಿಂದ. ಆ ತಳಿ ಹುಟ್ಟಿದ್ದೇ ಗಿರ್, ಡಾಂಗಿ ಮತ್ತು ಇಲ್ಲಿನ ನಾಡ ದನ ಕೂಡಿ. ಹಾಲೂ ಕೊಡ್ತದ, ರಂಟೆಗೂ ಬರ್ತದ. ಕೂಡಿಸುವುದು, ಬದಲಾಯಿಸುವುದು ಪಾಪ ಎಂದು ದೇವಣಿಯವನು ಹೇಳಿದರೆ ಅವನ ಕೊಟ್ಟಿಗೆಯ ಆಕಳೇ ನಕ್ಕೀತು. ಸಿನಿಮಾದಲ್ಲೂ ಹಾಗೆ. 1987ರ 'ಮಿಸ್ಟರ್ ಇಂಡಿಯಾ' ನಮ್ಮ ಕಡೆ ಹುಡುಗರ ಬಾಯಲ್ಲೆಲ್ಲ ಇತ್ತು. ಕಣ್ಣಿಗೆ ಕಾಣದ ಮನುಷ್ಯನ ಆ ಕಥೆಯನ್ನು ಕನ್ನಡದಲ್ಲಿ ಅಂಬರೀಶ್ ಅವರು 1989ರಲ್ಲಿ 'ಜೈ ಕರ್ನಾಟಕ' ಎಂದು ಮಾಡಿದರು. ಅಷ್ಟೇ ಏಕೆ, ಈ ಭೂಮಿ ನಿಂತ ದಿನದ ಹಳೆಯ ಸಿನಿಮಾ ಕೂಡ 1940ರಲ್ಲಿ ಹ್ಯಾರಿ ಬೇಟ್ಸ್ ಬರೆದ ಒಂದು ಸಣ್ಣ ಕಥೆಯಿಂದ ಬಂದದ್ದಂತೆ. ಆ ಕಥೆಯ ಕೊನೆಗೆ ಕಬ್ಬಿಣದ ಮನುಷ್ಯನೇ ಧಣಿ ಎಂದು ತಿಳಿಯುತ್ತದೆ. ಸಿನಿಮಾದವರು ಅದನ್ನು ಪೂರಾ ಬದಲು ಮಾಡಿದರು. ಹಾಗಾದರೆ ಬದಲು ಮಾಡಿದ್ದೇ ತಪ್ಪು ಎನ್ನಲಿಕ್ಕೆ ಬರುವುದಿಲ್ಲ. ಬಾಂಬು ತೆಗೆದು ಭೂಮಿಯ ವಿಷಯ ಇಟ್ಟದ್ದಂತೂ ನಮ್ಮಂಥ ಒಕ್ಕಲಿಗರಿಗೆ ಇನ್ನಷ್ಟು ಹತ್ತಿರದ್ದು.

ತಪ್ಪು ಎಲ್ಲಿದೆ ಎಂದು ನನಗೆ ಹೊಳೆದದ್ದು ನನ್ನದೇ ಒಂದು ತಪ್ಪು ನೆನಪಾದಾಗ.

ಕೆಲವು ವರ್ಷದ ಹಿಂದೆ ಒಂದು ಶಾಲೆಯ ಗ್ಯಾದರಿಂಗ್‌ನಲ್ಲಿ ಗೋವಿನ ಹಾಡು ಹಾಡಲು ನನ್ನನ್ನು ಕರೆದಿದ್ದರು. ಆ ಕಥೆ ನಿಮಗೆಲ್ಲ ಗೊತ್ತು. ಹಸಿದ ಹುಲಿಯ ಕೈಗೆ ಪುಣ್ಯಕೋಟಿ ಎಂಬ ಆಕಳು ಸಿಗುತ್ತದೆ. ಕರುವಿಗೆ ಹಾಲು ಕುಡಿಸಿ ತಿರುಗಿ ಬರುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತದೆ. ಕರುವನ್ನು ಉಳಿದ ಆಕಳುಗಳಿಗೆ ಒಪ್ಪಿಸಿ ತಿರುಗಿ ಬರುತ್ತದೆ. ಅದರ ಸತ್ಯ ನೋಡಿ ಹುಲಿ ತಿನ್ನಲಾರದೆ ತಾನೇ ಪ್ರಾಣ ಬಿಡುತ್ತದೆ. ಕಾರ್ಯಕ್ರಮದವರು, "ಹತ್ತೇ ಮಿನಿಟು ಅದ, ಸಣ್ಣ ಹುಡುಗ್ರು ಅದಾವ, ಸಾವು-ಗೀವು ಬ್ಯಾಡ" ಅಂದರು. ನಾನೂ ಒಪ್ಪಿದೆ. ಆಕಳು ಕೊಟ್ಟಿಗೆಗೆ ಹೋಗುವುದು, ಕರುವಿನ ದುಃಖ, ತಿರುಗಿ ಬರುವುದು ಎಲ್ಲ ಬಿಟ್ಟುಬಿಟ್ಟೆ. ಆಕಳು ಹುಲಿಯ ಮುಂದೆ ನಿಂತು ಅತ್ತಿತು, ಹುಲಿಗೆ ಕನಿಕರ ಬಂತು, ಹೋಗವ್ವಾ ಅಂತ ಬಿಟ್ಟಿತು ಎಂದು ಮುಗಿಸಿದೆ. ಚಪ್ಪಾಳೆ ಜೋರಾಗಿ ಬಿತ್ತು. ಶಾಲು ಹೊದಿಸಿದರು.

ಇಳಿದು ಬರುವಾಗ ಒಬ್ಬ ಮುದುಕಿ, ಯಾರದೋ ಅಜ್ಜಿ, ನನ್ನ ಕೈ ಹಿಡಿದು ಕೇಳಿದಳು: "ತಮ್ಮಾ, ಆಕಳ ತಿರಗಿ ಬರಲೇ ಇಲ್ಲಲ್ಲೋ?"

"ಟೈಮ್ ಇರಲಿಲ್ಲ ಆಯಿ" ಅಂದೆ.

"ಮತ್ತ ಹುಲಿ ಯಾಕ ಬಿಟ್ಟಿತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಳುವ ಆಕಳನ್ನು ಹುಲಿ ದಿನಾ ನೋಡುತ್ತದೆ. ಹಿಡಿದ ದನವೆಲ್ಲ ಅಳುತ್ತದೆ. ಆ ದಿನ ಹುಲಿ ನೋಡಿದ್ದು ಅಳುವ ಆಕಳನ್ನಲ್ಲ, ಬಿಟ್ಟರೆ ಓಡಿಹೋಗಬಹುದಾಗಿದ್ದೂ ನಡೆದು ಬಂದ ಆಕಳನ್ನು. ನಾನು ಹುಲಿಯ ಸಾವು ತೆಗೆದದ್ದು ದೊಡ್ಡ ತಪ್ಪಲ್ಲ, ಅದು ಉಳಿಯಲಿ ಎನ್ನುವವರೂ ಇದ್ದಾರೆ. ಆಕಳಿನ ಆ ನಡಿಗೆ ತೆಗೆದದ್ದು ತಪ್ಪು.

ಹೊಸ ಸಿನಿಮಾದಲ್ಲಿ ಆಗಿರುವುದು ಇದೇ. ಆಕಳು ತಿರುಗಿ ಬರುವ ಮೊದಲೇ ಹುಲಿ ಬದಲಾಗಿಬಿಡುತ್ತದೆ. ಹಳೆಯದರಲ್ಲಿ ಬಂದವನು ತನ್ನ ಮಾತು ಹೇಳಿ, ಬದಲಾಗುವ ಕೆಲಸ ನಮ್ಮ ಮೇಲೆ ಹೊರಿಸಿ ಹೋಗುತ್ತಾನೆ. ಹೊಸದರಲ್ಲಿ ಬಂದವನೇ ಬದಲಾಗುತ್ತಾನೆ. ನಾವು ಇದ್ದ ಹಾಗೇ ಇರುತ್ತೇವೆ, ಸ್ವಲ್ಪ ಅತ್ತಿರುತ್ತೇವೆ ಅಷ್ಟೆ. ಇನ್ನೂ ಒಂದು ಮಾತು. ಹೊಸ ಕ್ಲಾಟು ದೇಶದೇಶದ ಹಿರಿಯರ ಮುಂದೆ ಮಾತಾಡಬೇಕೆಂದು ಕೇಳುತ್ತಾನೆ ಖರೆ, ಸರಕಾರದವರು ಬಿಡುವುದಿಲ್ಲ. ಆದರೆ ಕೊನೆಗೂ ಅವನು ಜನರಿಗೆ ಏನೂ ಹೇಳದೇ ಹೋಗುತ್ತಾನೆ. ಲೈಟು ಯಾಕೆ ಹೋಯಿತು, ನಾವು ಮಾಡಿದ ತಪ್ಪೇನು ಎಂದು ಊರೂರಿನ ಜನರಿಗೆ ಹೇಗೆ ತಿಳಿಯಬೇಕು? ತಪ್ಪು ಯಾವುದೆಂದು ಹೇಳದೆ ಹುಡುಗನಿಗೆ ಹೊಡೆದರೆ ಅವನು ಕಲಿಯುವುದು ಹೊಡೆತ ತಪ್ಪಿಸಿಕೊಳ್ಳುವುದನ್ನು ಮಾತ್ರ. ಇದನ್ನು ಮಾಸ್ತರರಿಗೆ ನಾನು ಹೇಳಬೇಕಾಗಿಲ್ಲ. ನಮಗಂತೂ ಹೊಲಕ್ಕೆ ಕರೆಂಟು ಬರುವುದೇ ಎಷ್ಟೋ ಸಲ ನಟ್ಟನಡು ರಾತ್ರಿ. ಆ ಸಿನಿಮಾದ ಕತ್ತಲು ಇಲ್ಲಿಗೆ ಬಂದರೆ, ಲೋಡ್ ಶೆಡ್ಡಿಂಗ್ ಅಂತ ತಿಳಿದು ಮಲಗಿಬಿಡುತ್ತೇವೆ.

ಇನ್ನು ಆ ಪ್ರೊಫೆಸರ್ ಹೇಳಿದ ಅಂಚಿನ ಮಾತು. ಮನುಷ್ಯ ಅಂಚಿಗೆ ಬಂದಾಗ ಬದಲಾಗುತ್ತಾನೆಯೆ? ಇದಕ್ಕೆ ಉತ್ತರ ಹುಡುಕಲು ಬೇರೆ ಗ್ರಹದವರು ಬರಬೇಕಾಗಿಲ್ಲ. ನಮ್ಮ ಲಾತೂರ ಜಿಲ್ಲೆಯ ಜನ ಎರಡು ಸಲ ಅಂಚಿಗೆ ಹೋಗಿ ಬಂದಿದ್ದೇವೆ.

ಮೊದಲ ಸಲ 1993ರ ಸಪ್ಟಂಬರ 30. ಗಣಪತಿ ಕಳಿಸಿ ಮಲಗಿದ ಜನ. ಬೆಳಗಿನ ನಾಲ್ಕರ ಸುಮಾರಿಗೆ ಕಿಲ್ಲಾರಿಯ ಭೂಮಿ ನಡುಗಿತು. ಲಾತೂರ, ಉಸ್ಮಾನಾಬಾದ ಎರಡೂ ಜಿಲ್ಲೆಯಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ ಮಲಗಿದವರ ಮೇಲೇ ಬಿದ್ದವು. ಸುಮಾರು ಹತ್ತು ಸಾವಿರ ಜನ ಹೋದರು. ನಮ್ಮ ಕಡೆ ಗೋಡೆ ಸೀಳಿದವು, ಜೀವ ಉಳಿಯಿತು. ಹೆದರಿ ಎಷ್ಟೋ ದಿನ ಹೊಲದಲ್ಲಿ ಮಲಗಿದೆವು. ಯಾವ ಓಣಿಯವರು, ಯಾವ ಜಾತಿಯವರು ಎಂಬುದು ಇರಲಿಲ್ಲ. ಯಾರದೋ ಹಿಟ್ಟು, ಯಾರದೋ ಒಲೆ, ಎಲ್ಲರೂ ಸಾಲಾಗಿ ಕುಂತು ರೊಟ್ಟಿ ತಿಂದೆವು. ಇನ್ನು ನಾವು ಮೊದಲಿನ ಹಾಗೆ ಇರುವುದಿಲ್ಲ ಎಂದು ಹಿರಿಯರು ಹೇಳಿದರು, ನಾನೂ ನಂಬಿದೆ. ಎರಡು ಮಳೆಗಾಲ ಕಳೆಯಿತು. ಅವರವರ ಓಣಿ, ಅವರವರ ಕೊಡ, ಅವರವರ ಕಟ್ಟೆ.

ಎರಡನೆಯ ಸಲ 2016. ಲಾತೂರ ಶಹರದಲ್ಲಿ ನೀರಿನ ಟಾಕಿಗಳ ಹತ್ತಿರ ಐದಕ್ಕಿಂತ ಹೆಚ್ಚು ಜನ ಕೂಡಬಾರದೆಂದು ಕಲೆಕ್ಟರ್ ಆದೇಶ ಹೊರಡಿಸಿದ ವರ್ಷ. ಏಪ್ರಿಲ್ 12ಕ್ಕೆ ಮಿರಜದಿಂದ ಹತ್ತು ಡಬ್ಬಿಯ ರೈಲು ಸುಮಾರು ಐದು ಲಕ್ಷ ಲೀಟರ್ ನೀರು ಹೊತ್ತು ಲಾತೂರಿಗೆ ಬಂತು. ಟೀವಿಯಲ್ಲಿ ಅದನ್ನು ನೋಡಿ ನಾನು ಅತ್ತೆ. ಆ ಬೇಸಿಗೆ ಗುಡಿ ಕಟ್ಟೆಯ ಮೇಲೆ ಕೂಡಿ, ಇನ್ನು ಕಬ್ಬು ಹಚ್ಚುವುದಿಲ್ಲ, ಹೊಸ ಬೋರು ಹೊಡೆಸುವುದಿಲ್ಲ ಎಂದು ಮಾತಾಡಿದೆವು. ನಾನೂ ಕೈ ಎತ್ತಿದೆ. ಅದೇ ವರ್ಷ ದೇವರು ಮಳೆ ಚಲೋ ಕೊಟ್ಟ. ಮರುವರ್ಷ ನಾನು ಬೋರು ಹೊಡೆಸಿದೆ. ಐದುನೂರು ಫೂಟಿಗೆ ನೀರು ಬಿತ್ತು. ಒಂದು ಎಕರೆ ಕಬ್ಬು ಹಚ್ಚಿದೆ. ಕೆಳಗಿನ ಹೊಲದ ತಮ್ಮನ ಬಾವಿ ಹೋಳಿ ಹುಣ್ಣಿಮೆಗೆಲ್ಲ ತಳ ಕಂಡಿತು. ಅವನು ಬಂದು ಏನೂ ಅನ್ನಲಿಲ್ಲ. ಬಾವಿಯ ದಂಡೆಯ ಮೇಲೆ ಕುಂತಿದ್ದ, ನಾನು ಬೇರೆ ದಾರಿ ಹಿಡಿದು ಮನೆಗೆ ಬಂದೆ.

ರೈಲು ನೋಡಿ ಅತ್ತದ್ದು ಖರೆ. ಬೋರು ಹೊಡೆಸಿದ್ದೂ ಖರೆ. ಎರಡೂ ನಾನೇ. ಹಾಗಾಗಿ ಆ ಕ್ಲಾಟು ತಾಯಿ-ಮಗನ ಕಣ್ಣೀರು ನೋಡಿ ಮನುಷ್ಯರನ್ನು ಬಿಟ್ಟು ಹೋದಾಗ, ಹುಡುಗರಿಗೆ ಸಮಾಧಾನ ಆಯಿತು, ನನಗೆ ನಾಚಿಕೆ ಆಯಿತು. ಅವನನ್ನು ನಾವು ಮೋಸ ಮಾಡಿದೆವು ಅನ್ನಿಸಿತು.

ಇದನ್ನೆಲ್ಲ ಮರುದಿನ ಮಾಸ್ತರರಿಗೆ ಹೇಳಿದೆ. ಅವರು ಸುಮ್ಮನೆ ಬಿಡುವವರಲ್ಲ. "ಕಾಕಾ, ಹಳೇ ಪಿಚ್ಚರದಾಗೂ ಧಮಕಿ ಅದಲ್ಲ? ಮಾತ ಕೇಳಲಿಲ್ಲಂದ್ರ ಸುಟ್ಟು ಬೂದಿ ಮಾಡ್ತೀವಿ ಅಂದ್ರ ಅದೇನ ಧರ್ಮ? ಬಡಿಗಿಗೆ ಹೆದರಿ ಸುಮ್ಮನಿದ್ದವ ಒಳ್ಳೆಯವನಾದನ? ಹೊಸಾದ್ರಾಗ ಕರುಣಾ ಅದ. ಕರುಣಾ ದೊಡ್ಡದೋ, ಬಡಿಗಿ ದೊಡ್ಡದೋ?"

ಈ ಪ್ರಶ್ನೆ ಸಣ್ಣದಲ್ಲ. ಎರಡು ದಿನ ವಿಚಾರ ಮಾಡಿದೆ. ಹಳೆಯ ಕ್ಲಾಟುವಿನ ಬಡಿಗೆ ನನಗೂ ಪೂರಾ ಸೇರುವುದಿಲ್ಲ. ಗಾರ್ಟ್‌ನಂಥ ಪೊಲೀಸನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಬದುಕುವ ಊರು ಶಾಂತವಾಗಿರಬಹುದು, ಸುಖವಾಗಿ ಇರುತ್ತದೆಯೆ ಗೊತ್ತಿಲ್ಲ. ಅಲ್ಲಿಗೆ ಮಾಸ್ತರರ ಮಾತು ಒಪ್ಪುತ್ತೇನೆ. ಆದರೆ ಕರುಣೆಯ ವಿಷಯದಲ್ಲಿ ಒಂದು ಮಾತು. ಸಾಲ ಕೊಟ್ಟವನು ಕನಿಕರಪಟ್ಟು ಒಂದು ವರ್ಷದ ವಾಯಿದೆ ಕೊಟ್ಟರೆ ಅದು ಅವನ ದೊಡ್ಡತನ. ಸಾಲ ತೀರಿತು ಎಂದು ನಾವು ತಿಳಿಯಬಾರದು. ಕರುಣೆ ನಮಗೆ ವಾಯಿದೆ ಕೊಡುತ್ತದೆ. ಆ ವಾಯಿದೆಯೊಳಗೆ ಏನು ಮಾಡಬೇಕೆಂದು ಹೊಸ ಸಿನಿಮಾ ಕೇಳುವುದಿಲ್ಲ, ದೀಪ ಆರಿಸಿ ಮನೆಗೆ ಕಳಿಸಿಬಿಡುತ್ತದೆ. ಹಳೆಯದು ಬಡಿಗೆ ತೋರಿಸಿದರೂ ಕೊನೆಗೆ ಕೇಳುವುದು ಪ್ರಶ್ನೆಯನ್ನೇ.

ಕಥೆಯನ್ನು ಮತ್ತೆ ಹೇಳುವವರು ಊರು ಬದಲಿಸಲಿ, ವೇಷ ಬದಲಿಸಲಿ, ಬಾಂಬಿನ ಜಾಗದಲ್ಲಿ ನೀರು ಇಡಲಿ. ಹಿಂದಿನವರು ಕೇಳುಗನ ಮೇಲೆ ಹೊರಿಸಿದ ಭಾರವನ್ನು ಮಾತ್ರ ಇಳಿಸಬಾರದು. ಇಳಿಸಿದರೆ ಚಪ್ಪಾಳೆ ಹೆಚ್ಚು ಬೀಳುತ್ತದೆ, ಇದು ನನ್ನ ಅನುಭವ. ಆ ಶಾಲು ಇನ್ನೂ ನಮ್ಮ ಮನೆಯ ಟ್ರಂಕಿನಲ್ಲಿ ಇದೆ, ನಾನು ಹೊದ್ದಿಲ್ಲ.

ಈ ವರ್ಷ ಕಬ್ಬು ತೆಗೆದು ತೊಗರಿ ಹಾಕಿದ್ದೇನೆ. ವಾರದಲ್ಲಿ ಎರಡು ದಿನ ನನ್ನ ಬೋರಿನ ನೀರು ಪೈಪಿನಲ್ಲಿ ಕೆಳಗಿನ ಹೊಲಕ್ಕೆ ಹೋಗುತ್ತದೆ. ಇದರಿಂದ ಆ ತಮ್ಮನ ಬಾವಿ ತುಂಬಿಲ್ಲ, ಅವನು ಮೊದಲಿನ ಹಾಗೆ ಮಾತಾಡುವುದೂ ಇಲ್ಲ. ಮಾತಾಡಲಿ ಎಂದು ಕೇಳುವ ಹಕ್ಕು ನನಗಿಲ್ಲ. ಕೊಟ್ಟಿಗೆಯಿಂದ ಹೊರಬಿದ್ದು ಅರ್ಧ ದಾರಿ ಬಂದಿದ್ದೇನೆ ಅನ್ನಬಹುದು.

ಬರುವ ಗ್ಯಾದರಿಂಗಿಗೂ ನನ್ನನ್ನು ಕರೆದಿದ್ದಾರೆ. ಗೋವಿನ ಹಾಡೇ ಬೇಕಂತೆ. ಅರ್ಧ ತಾಸು ಕೊಟ್ಟರೆ ಹಾಡುತ್ತೇನೆ, ಹತ್ತು ಮಿನಿಟು ಅಂದರೆ ಬೇರೆ ಪದ ಹಾಡುತ್ತೇನೆ ಎಂದು ಮಾಸ್ತರರ ಕೈಯಲ್ಲಿ ಹೇಳಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.